ನನ್ನ ಹೆಸರಿಗೆ ಇಪ್ಪತ್ತು ರೋಗ

ಹೆದರಿಕೆಯಲ್ಲೂ ಮರ್ಯಾದಸ್ಥ ಹೆದರಿಕೆ, ಮಾನಗೆಟ್ಟ ಹೆದರಿಕೆ ಎಂದು ಎರಡು ಜಾತಿ ಉಂಟು. ಅರವತ್ತರ ದಶಕದ ದಾಂಡೇಲಿಯಲ್ಲಿ ಹುಲಿಗೆ ಹೆದರುವವನನ್ನು ಜನ ಜಾಣ ಎನ್ನುತ್ತಿದ್ದರು. ನಾನು ಹೆದರಿದ್ದು ಒಂದು ಪುಸ್ತಕಕ್ಕೆ. ಅಲ್ಲಿನ ಒಂದು ಆಸ್ಪತ್ರೆಯ ದಫ್ತರ ಕೋಣೆಯಲ್ಲಿ ಅದು ಕೂತಿತ್ತು. ಜಗತ್ತಿನ ರೋಗಗಳಿಗೆಲ್ಲ ಒಂದೊಂದು ನಂಬರು ಕೊಟ್ಟ ದಪ್ಪ ಇಂಗ್ಲಿಷ್ ಪುಸ್ತಕ. ಡಾಕ್ಟರು ಕೇಸ್ ಪೇಪರಿನಲ್ಲಿ ಬರೆದ ರೋಗವನ್ನು ಅದರಲ್ಲಿ ಹುಡುಕಿ, ಪಕ್ಕದಲ್ಲಿ ನಂಬರು ಹಾಕುವುದೇ ನನ್ನ ತರಬೇತಿ. ಮೂರು ತಿಂಗಳಲ್ಲಿ ಕಲಿತರೆ ನೌಕರಿ ಕಾಯಂ, ಇಲ್ಲವಾದರೆ ಧಾರವಾಡದ ಬಸ್ಸು. ಧಾರವಾಡದಲ್ಲಿ ಮಾವನ ಕಿರಾಣಿ ಅಂಗಡಿಯಿತ್ತು, ಅದರೊಳಗೆ ಮಾವನೂ ಇದ್ದ.

ಕಲಿಸುವವರು ದಫ್ತರದ ಹಿರಿಯ ಕಾರಕೂನ ದೇಸಾಯರು. ತಿಂಗಳುಗಟ್ಟಲೆ ನನ್ನ ತಪ್ಪು ತಿದ್ದಿ ಸಾಕಾಗಿ, ಕೊನೆಯ ವಾರ ಒಂದು ಆಜ್ಞೆ ಮಾಡಿದರು. “ಮನ್ಯಾಗ ಕೂತು ಇಪ್ಪತ್ತು ಕೇಸ್ ಪೇಪರ್ ನೀವ ತಯಾರ ಮಾಡ್ರಿ. ಹೆಸರು, ವಯಸ್ಸು, ರೋಗ, ನಂಬರ್, ಎಲ್ಲಾ ಇರಬೇಕು. ಒಂದ ಖಾನೆ ಖಾಲಿ ಬಿಟ್ರೂ ನನಗ ನಡ್ಯೂದಿಲ್ಲ.”

ಪುಸ್ತಕವನ್ನು ಮನೆಗೆ ಹೊತ್ತು ತಂದು ಕೂತು, ಮೊದಲ ರೋಗಕ್ಕೆ ಬಾಯಿಗೆ ಬಂದ ಹೆಸರು ಬರೆದೆ. ಅದು ಹೆಂಡತಿಯ ತಮ್ಮನದು. ಅವಳು ಇಣುಕಿ ನೋಡಿದವಳೇ, “ಅಯ್ಯ, ಗುಂಡಕಲ್ಲಿನಂಗ ಇರೋ ನನ್ನ ತಮ್ಮಗ ಕ್ಷಯ ಅಂತ ಬರೀತೀರಲ್ರೀ! ಬಿಡ್ತು ಅನ್ರಿ!” ಎಂದಳು. ಬಿಡ್ತು ಎಂದೆ. ‘ಬಸಪ್ಪ’ ಎಂದು ಬರೆದೆ. ಎದುರುಮನೆಯವರ ಹೆಸರೂ ಬಸಪ್ಪ. ‘ವೆಂಕಟೇಶ’ ಎಂದೆ. “ಅಯ್ಯ ಶಿವನ, ದೇವರಿಗೇ ರೋಗ ಹಚ್ಚತೀರೇನು?” ನಮ್ಮ ಕಡೆ ದೇವರೂ ಅಲ್ಲದ, ನೆರೆಯವನೂ ಅಲ್ಲದ ಹೆಸರು ಎಲ್ಲಿಂದ ತರಲಿ? ಅವಳು ನೀರಿಗೆ ಹೋದಾಗ ಇಪ್ಪತ್ತಕ್ಕೂ ನನ್ನ ಹೆಸರನ್ನೇ ಬರೆದುಬಿಟ್ಟೆ. ಕ್ಷಯ, ಕಾಮಾಲೆ, ಆಮಶಂಕೆ ಎಲ್ಲ ಬಂದವು. ರೋಗ ಸಾಲದೆ ಹತ್ತೊಂಬತ್ತನೆಯದಕ್ಕೆ ಬಾಣಂತಿ ಜ್ವರವನ್ನೂ ಅಂಟಿಸಿಕೊಂಡೆ. ಇಪ್ಪತ್ತನೆಯದಕ್ಕೆ ಏನೂ ಹೊಳೆಯಲಿಲ್ಲ. ಆಗ ನನಗೆ ಆಗುತ್ತಿದ್ದುದನ್ನೇ ಬರೆದೆ: ಎದೆ ಡವಡವ, ಅಂಗೈ ಬೆವರು, ಊಟ ಸೇರದು. ಹೃದಯರೋಗದ ನಂಬರು ಹಾಕಿದೆ.

ಮರುದಿನ ಪುಸ್ತಕ ಮರಳಿಸಿ, ಆ ಇಪ್ಪತ್ತು ಪೇಪರಿನ ಕಟ್ಟನ್ನು ದೇಸಾಯರ ಮೇಜಿನ ಮೇಲಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ, ದಫ್ತರದ ಸಿಪಾಯಿ ಅದನ್ನೂ ಉಳಿದ ಪೇಪರುಗಳ ಜೊತೆ ದೊಡ್ಡ ಡಾಕ್ಟರ ಕೋಣೆಗೆ ಒಯ್ದಿದ್ದ. ಕಾಯಂ ಆಗಲು ನನ್ನ ಆರೋಗ್ಯದ ಸರ್ಟಿಫಿಕೇಟಿಗೆ ಸಹಿ ಹಾಕಬೇಕಾದವರು ಅವರೇ. ಕರೆ ಬಂತು. ವರಾಂಡದ ಕಂಬ ಹಿಡಿದು ಹಿಡಿದು ಹೋದೆ. ನೌಕರಿ ಹೋಯಿತೆಂದೇ ತಿಳಿದಿದ್ದೆ.

“ಬರ್ರಿ,” ಎಂದರು ಡಾಕ್ಟರು. “ಇಷ್ಟು ರೋಗ ಇಟಗೊಂಡು ಇನ್ನೂ ಅಡ್ಡಾಡಾಕ್ಹತ್ತೀರಲ್ಲ! ಹೆರಿಗಿ ಎಲ್ಲಾತು?”

“ಮಂದಿ ಹೆಸರಿಗೆ ರೋಗ ಬರೀಬಾರದಂತರೀ, ಸಾಹೇಬ್ರ,” ಎಂದೆ.

ಅವರು ನಗಲಿಲ್ಲ. ಪುಸ್ತಕ ತರಿಸಿ ಒಂದೊಂದೇ ನಂಬರು ತಾಳೆ ನೋಡಿದರು. ನಾನು ಬೆವರುತ್ತ ನಿಂತಿದ್ದೆ. “ಹತ್ತೊಂಬತ್ತು ಬರೋಬ್ಬರಿ ಅದಾವ. ಕಡೀದೊಂದು ತಪ್ಪು,” ಎಂದು ಎದ್ದು ಬಂದು ನನ್ನ ಎದೆಗೆ ಕೊಳವೆ ಇಟ್ಟರು. “ಎದಿ ಗಟ್ಟಿ ಐತಿ. ಇದು ಬರೇ ಅಂಜಿಕಿ. ಅದಕ್ಕೂ ನಂಬರ್ ಐತಿ, ಹುಡುಕ್ರಿ.”

ಅಲ್ಲೇ ನಿಂತು ಹುಡುಕಿ ಬರೆದೆ. ಡಾಕ್ಟರು ಸರ್ಟಿಫಿಕೇಟಿಗೆ ಸಹಿ ಹಾಕಿ, “ಉಳಿದಾವು ಹರದ ಒಗೀರಿ. ಇದು ಖರೇ ಕೇಸು, ದಫ್ತರದಾಗ ಇಡ್ರಿ,” ಎಂದರು.

ಹೀಗೆ ಕಾಯಂ ನೌಕರನಾಗಿ ನಾನು ದಫ್ತರಕ್ಕೆ ಸೇರಿಸಿದ ಮೊದಲ ಕಾಗದ ನನ್ನದೇ. ಅದರ ಕೆಳಗೆ ‘ಗುಣವಾದ ತಾರೀಖು’ ಎಂಬ ಖಾನೆಯಿತ್ತು. ಅದನ್ನು ತುಂಬಿರೆಂದು ದೇಸಾಯರು ತಾವು ನಿವೃತ್ತರಾಗುವವರೆಗೂ ಗದರಿಸಿದರು. ಆಮೇಲೆ ನಾನೂ ನಿವೃತ್ತನಾದೆ. ಆ ಖಾನೆ ಮಾತ್ರ ಖಾಲಿಯೇ ಉಳಿಯಿತು. ಸುಳ್ಳು ತಾರೀಖು ಬರೆದರೆ ಏನಾದೀತೋ ಎಂಬ ಹೆದರಿಕೆ.