ಅತ್ತೆಯ ಬರಣಿಗಳು ಗುಟ್ಟಾಗಿ ಪೇಟೆಗೆ ಹೋದದ್ದು

ನಮ್ಮ ಸೋದರತ್ತೆ ಕಳ್ಳಿಯಲ್ಲ. ಬಸವಕಲ್ಯಾಣದ ಅವರ ಓಣಿ ಇಡೀ ಇದಕ್ಕೆ ಸಾಕ್ಷಿ ಹೇಳುತ್ತದೆ. ಆದರೆ ತಮ್ಮದೇ ಮನೆಯ ಸಾಮಾನನ್ನು ತಾವೇ ಕದ್ದು, ತಾವೇ ಬಚ್ಚಿಟ್ಟು, ತಾವೇ ಹೆದರುತ್ತ ಮಾರಲು ಹೊರಟ ಇನ್ನೊಬ್ಬ ಹೆಂಗಸನ್ನು ನೀವು ತೋರಿಸಿದರೆ ನಾನು ಮೀಸೆ ಬೋಳಿಸುತ್ತೇನೆ. (ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಅದು ಬೇರೆ ಮಾತು!)

ಸಾಮಾನು ಎಂದರೆ ಗಾಜಿನ ಬರಣಿಗಳು. ಅತ್ತೆಯ ಮಾವನ ಅಪ್ಪ ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ತಂದವು. ತುಸು ಹಸಿರು ಛಾಯೆಯ ದಪ್ಪ ಗಾಜು, ಅದರೊಳಗೆ ಸಿಕ್ಕಿಕೊಂಡ ಗುಳ್ಳೆಗಳು, ಗಾಜಿನದೇ ಮುಚ್ಚಳ. ಒಂದೊಂದೂ ಆರು ತಿಂಗಳ ಕೂಸಿನಷ್ಟು ಭಾರ. ಅತ್ತೆಯ ಉಪ್ಪಿನಕಾಯಿ ಮಾಗುತ್ತಿದ್ದುದು ಇವುಗಳಲ್ಲೇ. ಓಣಿಯಲ್ಲಿ ಯಾರ ಮದುವೆಯೇ ಆಗಲಿ, ಮಾವಿನ ಹೋಳಿಗೆ ಉಪ್ಪು ಬೀಳಬೇಕಾದದ್ದು ಅತ್ತೆಯ ಮುಷ್ಟಿಯಿಂದ. ಮುಷ್ಟಿಯೇ ಅಲ್ಲಿ ತಕ್ಕಡಿ.

ಈಗ ಆ ಬಲಗೈ ನಡುಗುತ್ತದೆ. ಒಂದು ಬರಣಿ ಜಾರಿ ಬಿದ್ದು ಚೂರಾಯಿತು. ಬೆಕ್ಕು ಕೆಡವಿತೆಂದು ಅತ್ತೆ ಓಣಿಗೆಲ್ಲ ಹೇಳಿದರು. ಅವರ ಮನೆಯಲ್ಲಿ ಬೆಕ್ಕೇ ಇಲ್ಲ! ಸುಳ್ಳಿಗೆ ಆಧಾರ ಬೇಕಲ್ಲ, ಬಾಗಿಲಲ್ಲಿ ಹಾಲಿಟ್ಟು ಎಲ್ಲಿಂದಲೋ ಒಂದನ್ನು ಬರಮಾಡಿಕೊಂಡರು. ಅದು ಈಗಲೂ ಅಲ್ಲೇ ಇದೆ, ಮನೆಯ ಯಜಮಾನನ ಗತ್ತಿನಲ್ಲಿ.

ಉಳಿದವು ಒಡೆಯುವ ಮೊದಲೇ ಮಾರಬೇಕು. ಮಾರಿದ್ದು ಮಾತ್ರ ಊರಿಗೆ ತಿಳಿಯಬಾರದು. ತಿಳಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಕೈಯ ಸಂಗತಿ ಹೊರಬೀಳುತ್ತದೆ. ಹೊರಬಿದ್ದರೆ ಮುಂದಿನ ಮದುವೆಗೆ ಉಪ್ಪು ಹಾಕಲು ಯಾರೂ ಕರೆಯುವುದಿಲ್ಲ. ಹಾಗಾಗಿ ಹುಮನಾಬಾದಿನಲ್ಲಿರುವ ನನಗೆ ಫೋನು ಬಂತು.

"ಲೇ ತಮ್ಮಾ, ಫೋನಿನಾಗ ಸಾಮಾನ ಮಾರತಾರಲ್ಲ, ಅಲ್ಲಿ ನಮ್ಮ ಓಣಿ ಮಂದಿ ಬರ್ತಾರೇನೋ?"

"ಎಲ್ಲಾರೂ ಬರ್ತಾರ ಅತ್ತಿ."

"ಯಾರೂ ಬರಲಾರದಂಥಾ ಅಂಗಡಿ ನೋಡು."

ಗಿರಾಕಿಯೇ ಬಾರದ ಅಂಗಡಿಯಲ್ಲಿ ವ್ಯಾಪಾರ! ನಾನು ಕಿಸಕ್ಕೆಂದೆ. ಅತ್ತೆಯ ದನಿ ಗಟ್ಟಿಯಾಯಿತು.

"ನಗಬ್ಯಾಡ. ನನ್ನ ಮಾತು ಅಣಕಿಸು, ನಡಿಗಿ ಅಣಕಿಸು. ಕೈ ಸುದ್ದಿ ಒಂದು ಬ್ಯಾಡ."

ಅಣಕಿಸುವುದು ನಮ್ಮ ಮನೆಯಲ್ಲಿ ನನಗೆ ವಹಿಸಿದ ಉದ್ಯೋಗ. ಸಂಬಳವಿಲ್ಲ, ಆಗಾಗ ಹೊಡೆತವುಂಟು. ಕಂಡಕ್ಟರು, ಪುರೋಹಿತರು, ನಮ್ಮಪ್ಪ, ಮೂಗಿನಲ್ಲಿ ಮಾತಾಡುವ ಸ್ವತಃ ನಾನು, ಯಾರನ್ನೂ ಬಿಟ್ಟವನಲ್ಲ. ನಾಚಿಕೆ ಎಂಬುದೇನೆಂದು ನನಗೆ ಗೊತ್ತಿರಲಿಲ್ಲ. ಅತ್ತೆ ಬಸ್ಸಿನಲ್ಲಿ ಕೂರಿಸಿ ಕಲಿಸಿದರು.

ಅವರ ಅಡುಗೆಮನೆಯ ಗುಲಾಬಿ ಗೋಡೆ ಓಣಿಗೆಲ್ಲ ಪರಿಚಿತ. ಫೋಟೋದಲ್ಲಿ ಅದು ಕಂಡರೆ ಮುಗಿಯಿತು. ಆದ್ದರಿಂದ ನಾನು ಬಸವಕಲ್ಯಾಣಕ್ಕೆ ಹೋಗಿ, ಅತ್ತೆಯ ಜೊತೆ ಒಂದು ಬರಣಿಯನ್ನು ಹುಮನಾಬಾದಿನ ನಮ್ಮ ಮನೆಗೆ ತಂದು ಫೋಟೋ ತೆಗೆಯುವುದೆಂದಾಯಿತು. ಅತ್ತೆ ಅದಕ್ಕೆ ಕೌದಿ ಸುತ್ತಿ, ಮುಚ್ಚಳದ ಮೇಲೆ ಕೂಸಿನ ಕುಲಾವಿ ಕಟ್ಟಿ, ಎದೆಗೆ ಅವಚಿಕೊಂಡು ಬಸ್ಸು ಹತ್ತಿದರು. ಜನ ಎದ್ದು ಜಾಗ ಕೊಟ್ಟರು. ಪಕ್ಕದ ಹೆಂಗಸು ಬಗ್ಗಿದಳು.

"ಎಷ್ಟು ಸುಮ್ಮನ ಮಲಗ್ಯಾದ್ರಿ ಕೂಸು!"

"ಅವರಪ್ಪನ ಗುಣ," ಎಂದು ಅತ್ತೆ ನನ್ನತ್ತ ಗದ್ದ ತೋರಿಸಿದರು.

"ತಾಯಿ ಎಲ್ಲಿದಾಳ್ರಿ?"

"ಜಗಳಾಡಿ ತವರಿಗೆ ಹೋಗ್ಯಾಳ."

ಇಡೀ ಬಸ್ಸು ನನ್ನನ್ನು ತಿರುಗಿ ನೋಡಿತು. ಮದುವೆಯೇ ಆಗದ ನಾನು, ಬಿಟ್ಟುಹೋದ ಹೆಂಡತಿಗಾಗಿ ತಲೆ ತಗ್ಗಿಸಿದೆ! ಹಿಂದಿನ ಸೀಟಿನಲ್ಲಿ ಘಾಟಬೋರಾಳದ ಹಿರಿಯರೊಬ್ಬರಿದ್ದರು. ಅವರ ಮಗಳನ್ನು ನನಗೆ ಕೇಳುವ ಮಾತು ನಡೆದಿತ್ತು. ಈಗ ನಡೆಯುತ್ತಿಲ್ಲ.

ಇನ್ನು ಅಂಗಡಿ ಹುಡುಕುವ ಪಡಿಪಾಟಲು. ಮೊದಲು ಹಳೆಯ ಸಾಮಾನು ಮಾರುವ ಒಂದು ಆ್ಯಪಿಗೆ ಹಾಕಿದೆ. ಸಾಮಾನಿರುವ ಮನೆಯ ವಿಳಾಸ ಕೇಳಿದಾಗ ಅತ್ತೆಯದನ್ನೇ ಕೊಟ್ಟಿದ್ದೆ, ಅದು ಹೆಸರಿನ ಕೆಳಗೆ ಊರು, ಊರಿನ ಕೆಳಗೆ ಓಣಿಯನ್ನೂ ಬರೆದು ಡಂಗುರ ಹೊಡೆಯಿತು. ಬಂದ ಒಂದೇ ಸಂದೇಶ: "ಖಾಲಿ ಬಾಟ್ಲಿ ಕಿಲೋಕ್ಕ ಹ್ಯಾಂಗ ಕೊಡ್ತೀರಿ?" ಅತ್ತೆ ಒಂದು ಹೊತ್ತು ಊಟ ಬಿಟ್ಟರು.

ಎರಡನೆಯದು ದೊಡ್ಡ ಮಾರಾಟದ ತಾಣ. ಕೊಂಡವರಿಗೆ ಹಿಡಿಸದಿದ್ದರೆ ವಾಪಸು ಕಳಿಸಬಹುದೆಂದು ಓದಿ ಹೇಳಿದೆ.

"ವಾಪಸ್? ಕೊಟ್ಟ ಹೆಣ್ಣಿನಂಗ ಗಂಟು ಕಟ್ಟಿ ತಿರುಗಿ ಬಂದ್ರ, ಓಣ್ಯಾಗ ಯಾರು ಇಳಿಸ್ಕೋಬೇಕೋ? ಮುಚ್ಚು ಅದನ್ನ!"

ಮೂರನೆಯದು ಹಳೆಯ ಗಾಜು ಕೂಡಿಸುವ ಹುಚ್ಚಿನವರ ಗುಂಪು. ಅಲ್ಲಿ ಊರು ಹೇಳಬೇಕಾಗಿಲ್ಲ, ಸಾಮಾನಿನ ಚಿತ್ರವಿದ್ದರೆ ಸಾಕು. ಅತ್ತೆ ಒಪ್ಪಿದರು. ಆದರೆ ಆ ಜನ ಕೇಳಿದ್ದೇನು? ಹಳೆಯ ಕಾಗದದ ಚೀಟಿ ಅಂಟಿದೆಯೇ, ಹಳೆಯ ಕಲೆಗಳಿವೆಯೇ, ತೊಳೆದಿಲ್ಲ ತಾನೆ? ಅತ್ತೆ ಅಷ್ಟರಲ್ಲೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಉರ್ದು ಅಕ್ಷರದ ಚೀಟಿಯನ್ನು ಉಗುರಿನಿಂದ ಕೆರೆದು, ಬರಣಿಯನ್ನು ನಿನ್ನೆ ಹುಟ್ಟಿದಂತೆ ಮಾಡಿದ್ದರು! ಗುಂಪಿನಲ್ಲಿ ಸೂತಕ. ಅರ್ಧ ಬೆಲೆ ಚರಂಡಿಯಲ್ಲಿ ಹರಿದುಹೋಯಿತು ಎಂದೆ.

"ಹೊಲಸು ಭಾಂಡಿ ಮಂದಿ ಕೈಗೆ ಕೊಡ್ಲೇನು? ಶರಮ್ ಅನ್ನೋದು ಅದನೋ ಇಲ್ಲೋ ನಿನಗ?"

ಕೊನೆಗೆ ಕಲಬುರಗಿಯ ಒಬ್ಬಾಕೆ ತೊಳೆದದ್ದಾದರೂ ಸರಿ, ಇರುವ ಬರಣಿಗಳನ್ನೆಲ್ಲ ಕೊಳ್ಳುತ್ತೇನೆ ಎಂದಳು. ಮೊದಲು ವಿಡಿಯೋದಲ್ಲಿ ಒಂದನ್ನು ನೋಡಬೇಕಂತೆ. ನಮ್ಮ ಮಾಳಿಗೆಯ ಮೇಲೆ ಫೋನು ಹಿಡಿದೆ. ಅತ್ತೆಯ ಮುಖ ಕಾಣಿಸಬಾರದು. ಬರಣಿ, ಕೈ, ಅಷ್ಟೇ.

"ಬೆಳಕಿಗೆ ಎತ್ತಿ ತೋರಸ್ರಿ, ಗುಳ್ಳಿ ನೋಡ್ತೀನಿ," ಎಂದಳಾಕೆ.

ನಾನು ಕೈ ಚಾಚಿದೆ. ಅತ್ತೆ ಅದನ್ನು ಸರಿಸಿ ತಾವೇ ಎತ್ತಿದರು.

"ಅಯ್ಯ, ಇಂಥಾ ಬರಣಿ ನಾ ನೋಡೀನ್ರಿ! ನನ್ನ ತವರು ಕೊಡಂಬಲ. ತಂಗಿ ಲಗ್ನಕ್ಕ ಬಸವಕಲ್ಯಾಣದಿಂದ ಉಪ್ಪಿನಕಾಯಿ ತರಿಸಿದ್ವಿ, ಇಂಥಾದ್ರಾಗೇ ಬಂದಿತ್ತು."

ಅತ್ತೆಯ ಕೈ ಥರಥರ ನಡುಗಿತು. ಮುಚ್ಚಳ ಟಣಟಣ ಬಡಿದುಕೊಳ್ಳತೊಡಗಿತು. ನನಗೇನು ಹೊಳೆಯಿತೋ, ಫೋನು ಹಿಡಿದ ನನ್ನ ಕೈಯನ್ನೇ ನಡುಗಿಸಿದೆ. ಮಾಳಿಗೆ, ಆಕಾಶ, ಬರಣಿ ಎಲ್ಲವೂ ಕುಣಿದಿರಬೇಕು.

"ಏನ್ರಿ, ಎಲ್ಲಾ ನಡಗಾಕತ್ತದಲ್ಲ?"

"ನನ್ನ ಕೈರಿ ಅಕ್ಕೋರ! ಹುಟ್ಟಿನಿಂದ ಹಿಂಗೇ. ಚಹಾ ನನಕಿಂತ ನನ್ನ ಅಂಗಿನೇ ಜಾಸ್ತಿ ಕುಡೀತದ."

ಆಕೆ ನಗಲಿಲ್ಲ.

"ಹಂಗಾದ್ರ ಕೊರಿಯರ್ ಬ್ಯಾಡ್ರಿ," ಎಂದಳು, ಬಹಳ ಮೆತ್ತಗೆ. "ಹುಡುಗನ ಕೈ ನಂಬಾಕ ಬರಂಗಿಲ್ಲ. ನಾನೇ ಹುಮನಾಬಾದಕ್ಕ ಬಂದು ಒಯ್ತೀನಿ. ಯವ್ವಾ, ಬರಣಿ ಕೆಳಗ ಇಡ್ರಿ. ಭಾರ ಅದ."

ಫೋನು ಇಟ್ಟೊಡನೆ ನಾನು ಕುಣಿದೆ. "ನಂಬಿದಳು ಅತ್ತಿ!"

ಅತ್ತೆ ಬರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. "ನಂಬಿಲ್ಲೋ. ನಂಬಿದಂಗ ಮಾಡಿದಳು. ಪಾಪ, ದೊಡ್ಡ ಮನಸಿನಾಕಿ."

ಆಮೇಲೆ ನನ್ನ ಕೈ ನೋಡಿದರು. "ನೀ ಮಾತ್ರ ಬರೋಬರ್ ನನ್ನಂಗೇ ಮಾಡಿದಿ. ಯಾವಾಗ ಕಲ್ತಿ?"

ಬೇಡವೆಂದಿದ್ದರು, ಯಾರೆದುರೂ ಮಾಡಿರಲಿಲ್ಲ, ನಿಜ. ಆದರೆ ಕನ್ನಡಿಯೆದುರು ಬಾಗಿಲು ಹಾಕಿಕೊಂಡು ಅದನ್ನೇ ತಿದ್ದುತ್ತಿದ್ದೆ, ಎಂದಾದರೂ ನಾಲ್ಕು ಜನ ನಗಲೆಂದು. ಬಸ್ಸಿನಲ್ಲಿ ಬಂದ ನಾಚಿಕೆ ನಾಚಿಕೆಯೇ ಅಲ್ಲ ಬಿಡಿ. ತಲೆ ಎತ್ತಲಾಗಲಿಲ್ಲ.

"ಹೆಬ್ಬಟ್ಟಿಂದು ತಪ್ಪಾಗ್ಯಾದ," ಎಂದರು ಅತ್ತೆ. "ಅದು ಅಷ್ಟು ಅಲುಗಂಗಿಲ್ಲ. ತಾ ಇಲ್ಲಿ."

ನನ್ನ ಹೆಬ್ಬೆರಳನ್ನು ತಮ್ಮ ಮುಷ್ಟಿಯೊಳಗೆ ಹಿಡಿದು, ಅದು ಹೇಗೆ ನಡುಗಬೇಕೆಂದು ಕಲಿಸತೊಡಗಿದರು.