ಕೋಳಿ ತಿನ್ನದವರ ಕಾಯಿಲೆ

ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಚೀಟಿ ಮಾಡಿಸಿಕೊಂಡು ಸಾಲಿನಲ್ಲಿ ನಿಂತಿರುತ್ತದೆ. ನಗುವುದಕ್ಕೆ ಮಾತ್ರ ನಮಗೆ ಪುರುಸೊತ್ತಿರುತ್ತಿರಲಿಲ್ಲ. ಆಗ ನಗದೆ ಬಿಟ್ಟದ್ದನ್ನೆಲ್ಲ ಈಗ ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಒಂದೊಂದಾಗಿ ನಗುತ್ತಿದ್ದೇನೆ.

ನಾನು ಹುಟ್ಟಿದ್ದು ಕುಮಟೆಯ ಕಡೆ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ನರ್ಸ್ ಪರೀಕ್ಷೆ ಮುಗಿಸಿ, ಎರಡು ವರ್ಷ ಇದ್ದು ಬರೋಣ ಎಂದು ಹಿಂದೂಪುರಕ್ಕೆ ಬಂದೆ. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಸ್ವಾತಂತ್ರ್ಯ ಬಂದ ಆಚೀಚಿನ ದಿನಗಳು ಅವು. ಎಂಟು ಮಂಚದ ಆಸ್ಪತ್ರೆ, ಒಬ್ಬರೇ ಡಾಕ್ಟರಮ್ಮ, ನಾನು, ಮತ್ತೆ ಸೋಮಂದೇಪಲ್ಲಿಯ ಒಬ್ಬ ಆಯಾ. ತಿಂಗಳಿಗೆ ಎರಡು ಸಲ ಮೂವರೂ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋಗಿ, ಅಲ್ಲಿಯ ಛತ್ರದ ಒಂದು ಕೋಣೆಯಲ್ಲಿ ರೋಗಿಗಳನ್ನು ನೋಡಿ ಬರುತ್ತಿದ್ದೆವು.

೧. ಕುದುರೆಯ ಬಾಲ

ಒಂದು ಬೆಳಿಗ್ಗೆ ಜಟಕಾದವನು ಚೀಟಿ ಮಾಡಿಸಿಕೊಂಡು ಒಳಗೆ ಬಂದ.

"ಏನಾಗಿದೆಯಪ್ಪ?" ಎಂದರು ಡಾಕ್ಟರಮ್ಮ.

"ನಂಗೇನೂ ಆಗಿಲ್ಲ ಕಣಮ್ಮ. ನನ್ ಕುದುರೆ ಬಾಲ ಉದುರೋಯ್ತಾ ಐತೆ."

ನಾನು ಹೊರಗೆ ಹೋಗಿ ನೋಡಿದೆ. ಬಾಲ ಹಳೆಯ ಪೊರಕೆಯ ಹಾಗಾಗಿತ್ತು. ಕಾರಣ ನಾವೇ. ನರಹುಲಿ ಆದವರು ನಮ್ಮಲ್ಲಿಗೆ ಬರುತ್ತಿದ್ದರು. ಡಾಕ್ಟರಮ್ಮ ಅದನ್ನು ಸುಡುವ ಕಾಸ್ಟಿಕ್ ಕಡ್ಡಿ ತೆಗೆದ ಕೂಡಲೇ ಎದ್ದು ಹೋಗುತ್ತಿದ್ದರು. ನರಹುಲಿಗೆ ಕುದುರೆ ಬಾಲದ ಕೂದಲು ಬಿಗಿದು ಕಟ್ಟಿದರೆ ಉದುರುತ್ತದೆ ಎಂಬುದು ಈ ಕಡೆಯ ವೈದ್ಯ. ಕುದುರೆಯೋ ಆಸ್ಪತ್ರೆಯ ಬಾಗಿಲಲ್ಲೇ ನಿಂತಿರುತ್ತಿತ್ತು. ಹೋಗುವಾಗ ಒಂದೊಂದು ಎಳೆ ಕಿತ್ತುಕೊಂಡು ಹೋಗುತ್ತಿದ್ದರು.

ನರಹುಲಿ ಒಂದು ಬಗೆಯ ವೈರಸ್ಸಿನಿಂದ ಬರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದು, ಇದ್ದವರಿಂದ ಮುಟ್ಟಿದವರಿಗೆ ಹತ್ತುತ್ತದೆ, ಕೂದಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಅವನು ಎಲ್ಲ ಕೇಳಿ, ಬೆನ್ನ ಹಿಂದೆ ಇಟ್ಟುಕೊಂಡಿದ್ದ ಬಲಗೈಯನ್ನು ಮುಂದೆ ಚಾಚಿದ. ಬೆರಳ ಮೇಲೆ ಮೂರು ನರಹುಲಿ.

"ಕೂತ್ಕೋ, ಕಾಸ್ಟಿಕ್ ಹಚ್ತೀನಿ" ಎಂದರು.

ಅವನು ಕಡ್ಡಿಯನ್ನು ನೋಡಿದ, ಬಾಗಿಲಾಚೆ ಕುದುರೆಯನ್ನು ನೋಡಿದ.

"ಬ್ಯಾಡ ಕಣಮ್ಮ. ಬಾಲದಾಗೆ ಇನ್ನೂ ನಾಕು ಕೂದ್ಲು ಅವೆ."

೨. ಒಲೆಯಿಲ್ಲದ ನೆಂಟ

ಆ ದಿನ ಮಧ್ಯಾಹ್ನ ನಾನೂ ಆಯಾಳೂ ಸಿರಿಂಜು ಕುದಿಸುತ್ತಿದ್ದಾಗ, ವೈರಸ್ಸು ಎಂದರೆ ಸರಿಯಾಗಿ ಏನು ಎಂದು ಡಾಕ್ಟರಮ್ಮನನ್ನು ಕೇಳಿದೆ. ಕೇಳಬಾರದಿತ್ತು. ಮುಂದಿನದೆಲ್ಲ ಶುರುವಾಗಿದ್ದು ಅಲ್ಲಿಂದ.

"ಅದಕ್ಕೆ ಸ್ವಂತ ಒಲೆ ಇಲ್ಲ" ಎಂದರು ಅವರು. "ಹೊರಗಿದ್ದಾಗ ಕಲ್ಲಿನ ಹಾಗೆ ಬಿದ್ದಿರುತ್ತೆ. ನಮ್ಮ ಮೈಯೆಲ್ಲ ಸಣ್ಣ ಸಣ್ಣ ಕೋಶ, ಒಂದೊಂದೂ ಒಂದು ಮನೆ ಅಂದುಕೋ. ಅಂಥ ಮನೆಯೊಳಗೆ ನುಗ್ಗಿದರೆ ಮುಗೀತು. ಮನೆಯವರ ಕೆಲಸ ನಿಲ್ಲಿಸಿ ತನ್ನ ಕೆಲಸ ಹಿಡಿಸುತ್ತೆ. ಅವರ ಸಾಮಾನಿನಲ್ಲೇ, ಅವರ ಕೈಯಲ್ಲೇ, ತನ್ನಂಥವೇ ನೂರಾರು ಮಾಡಿಸುತ್ತೆ. ಆಮೇಲೆ ಅವೆಲ್ಲ ಪಕ್ಕದ ಮನೆಗೆ ಹೋಗ್ತವೆ."

ಆಯಾ ಬೆಂಕಿ ಊದುವುದನ್ನು ನಿಲ್ಲಿಸಿದಳು. "ನಮ್ ಮೈದುನ ಕಣಮ್ಮ ಅದು. ಮೂರು ದಿವ್ಸಕ್ಕೆ ಅಂತ ಬಂದ. ಈಗ ಏಳು ಜನ ಅವ್ರೆ, ನಾನೇ ಬೇಯಿಸಾಕ್ತಾ ಇವ್ನಿ."

"ಇನ್ನು ಕೆಲವು ಜಾತಿಯವು ಮನೆ ಒಡೆಯಲ್ಲ. ಅಲ್ಲೇ ಸೇರಿಕೊಂಡು ಮನೆಯವರಿಗೇ ಹುಚ್ಚು ಹಿಡಿಸ್ತವೆ. ಅವರು ಕೋಣೆ ಮೇಲೆ ಕೋಣೆ ಕಟ್ಟುತ್ತಾ ಹೋಗ್ತಾರೆ, ನಿಲ್ಲಿಸೋದೇ ಇಲ್ಲ. ಅದೇ ಗಡ್ಡೆ, ಕ್ಯಾನ್ಸರು. ಹೊರದೇಶದಲ್ಲಿ ಕೋಳಿಯ ಗಡ್ಡೆ ಅರೆದು, ಯಾವ ಕ್ರಿಮಿಯೂ ದಾಟದಂಥ ಜರಡಿಯಲ್ಲಿ ಸೋಸಿ, ಆ ರಸವನ್ನು ಇನ್ನೊಂದು ಕೋಳಿಗೆ ಚುಚ್ಚಿದರಂತೆ. ಅದಕ್ಕೂ ಗಡ್ಡೆ ಬಂತು, ಜರಡಿ ದಾಟಿದ್ದು ವೈರಸ್ಸು. ಮನುಷ್ಯರ ವಿಷಯ ಇನ್ನೂ ಯಾರಿಗೂ ಗೊತ್ತಿಲ್ಲ."

"ಆ ನೆಂಟನಿಗೆ ಔಷಧಿ?" ಎಂದಳು ಆಯಾ.

"ಇನ್ನೂ ಕಂಡುಹಿಡಿದಿಲ್ಲ."

"ನಮ್ ಮನೇಲಿರೋನಿಗೂ ಇಲ್ಲ ಬಿಡಮ್ಮ" ಎಂದು ಅವಳು ಮತ್ತೆ ಬೆಂಕಿ ಊದಿದಳು.

೩. ಇದ್ದಲಿನ ಬಸ್ಸು

ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ವ್ಯಾಪಾರದ ಒಂದು ಮನೆ ಇತ್ತು. ಶಿವಪೂಜೆಯಿಲ್ಲದೆ ನೀರು ಮುಟ್ಟದ ಮನೆ. ಊರೆಲ್ಲ ಅವರನ್ನು ಸಾವ್ಕಾರ್ರು, ಸಾವ್ಕಾರಮ್ಮ ಎನ್ನುತ್ತಿತ್ತು. ಹಿಂದಿನ ಸಲ ನಾವು ಹೋದಾಗ ಸಾವ್ಕಾರಮ್ಮ ಬಂದು, ಮುಟ್ಟು ನಿಂತು ಆರು ವರ್ಷವಾದ ಮೇಲೆ ಮತ್ತೆ ರಕ್ತ ಹೋಗುತ್ತಿದೆ ಎಂದಿದ್ದರು. ಪರೀಕ್ಷೆ ಮಾಡಿ ಹೊರಬಂದ ಡಾಕ್ಟರಮ್ಮ ಬಹಳ ಹೊತ್ತು ಕೈ ತೊಳೆದರು. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್. ಈ ಕಡೆ ತೆಲುಗಿನಲ್ಲಿ ರಾಚಪುಂಡು ಎನ್ನುತ್ತಾರೆ, ಅದೂ ಪಿಸುಮಾತಿನಲ್ಲಿ. ಇನ್ನೂ ಸಣ್ಣದಿತ್ತು. ಒಂದೆರಡು ತಿಂಗಳೊಳಗೆ ಮದ್ರಾಸಿಗೆ ಹೋಗಿ ಗಡ್ಡೆ ಸುಡುವ ರೇಡಿಯಂ ಇಡಿಸಿಕೊಂಡರೆ ಬದುಕುತ್ತಾರೆ, ತಡವಾದರೆ ಇಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಾಯಿತು. "ಮುಂದಿನ ಸಲ ನೀವು ಬರೋ ಹೊತ್ತಿಗೆ ಹೊಂಟಿರ್ತೀವಿ" ಎಂದಿದ್ದರು.

ಮುಂದಿನ ಸಲ ಬಸ್ಸಿನಲ್ಲಿ ಆಯಾ ನನ್ನ ಹಿಂದಿನ ಸೀಟಿನಲ್ಲಿದ್ದಳು. ಅದು ಇದ್ದಲಿನ ಬಸ್ಸು, ಪೆಟ್ರೋಲಿಲ್ಲದೆ ಇದ್ದಲ ಹೊಗೆಯಿಂದ ಓಡುವಂಥದು. ಏರು ಬಂದಾಗಲೆಲ್ಲ ನಿಲ್ಲುತ್ತಿತ್ತು, ಕ್ಲೀನರು ಇಳಿದು ಹಿಂದಿನ ಒಲೆ ಕೆದಕುತ್ತಿದ್ದ. ಹೊತ್ತು ಹೋಗಬೇಕಲ್ಲ, ಆಯಾ ಕೋಳಿಯ ಕಥೆ ತೆಗೆದಳು. ಮೊದಲ ಏರಿನಲ್ಲಿ ಅದು ಹೊರದೇಶದ ಕೋಳಿಯಾಗಿತ್ತು. ಎರಡನೆಯ ಏರಿನಲ್ಲಿ ಬರೀ ಕೋಳಿ. ಕಲ್ಯಾಣದುರ್ಗ ಮುಟ್ಟುವ ಹೊತ್ತಿಗೆ, ಕೋಳಿ ತಿಂದವರಿಗೆ ರಾಚಪುಂಡು ಬರುತ್ತದೆ ಎಂದು ಡಾಕ್ಟರಮ್ಮನೇ ಬರೆದುಕೊಟ್ಟಿದ್ದರು. ನಾನೂ ಡಾಕ್ಟರಮ್ಮನೂ ನಿದ್ದೆ ಹೋಗಿದ್ದೆವು, ಇದೆಲ್ಲ ತಿಳಿದದ್ದು ಆಮೇಲೆ. ಹಿಂದಿನ ದಿನ ಮೂರು ಹೆರಿಗೆ.

ಮಧ್ಯಾಹ್ನದ ಹೊತ್ತಿಗೆ ಕುಂದುರ್ಪಿ ಕಡೆಯ ಹೆಂಗಸೊಬ್ಬಳು ಬುಟ್ಟಿಯ ತುಂಬ ಕೋಳಿ ಹೊತ್ತು ಸಾಲಿನಲ್ಲಿ ನಿಂತಿದ್ದಳು.

"ಇವೆಲ್ಲಾ ಚೆಂದಾಗವೆ ಅಂತ ನೋಡಿ ಒಂದು ಚೀಟಿ ಕೊಡಮ್ಮ. ಸಂತೇಲಿ ಯಾರೂ ಮುಟ್ತಾ ಇಲ್ಲ."

೪. ಕಾಫಿ

ಸಾವ್ಕಾರಮ್ಮ ಹೊರಟಿರಲಿಲ್ಲ, ಪ್ರಯಾಣಕ್ಕೆ ಕಟ್ಟಿದ್ದ ಗಂಟನ್ನು ಅವತ್ತೇ ಬಿಚ್ಚಿದ್ದರು. ನಾವೇ ಅವರ ಮನೆಗೆ ಹೋದೆವು. ಆಕೆಯ ಮುಖದಲ್ಲಿ ಹದಿನೈದು ದಿನದ ಹಿಂದೆ ಇದ್ದ ಹೆದರಿಕೆ ಚೂರೂ ಇರಲಿಲ್ಲ.

"ನಿಮ್ ಆಯಾ ಬಸ್ಸಲ್ಲಿ ಹೇಳಿದ್ಲಂತಮ್ಮ, ಊರೆಲ್ಲ ಅದೇ ಮಾತು. ಕೋಳಿ ತಿಂದೋರ ಕಾಯಿಲೆಯಂತೆ. ಈ ಮನೇಲಿ ಮೊಟ್ಟೆ ನೆಳ್ಳೂ ಬಿದ್ದಿಲ್ಲ. ನಂಗೆಲ್ಲಿಂದ ಬತ್ತದೆ?"

ಸಾವ್ಕಾರ್ರು ಎದುರಿಗೆ ಕಂಬಕ್ಕೆ ಒರಗಿ ನಿಂತಿದ್ದರು. "ನಮ್ಮ ವಂಶದಾಗೇ ಇಲ್ಲ" ಎಂದರು, ನೆಲ ನೋಡುತ್ತಾ.

ಡಾಕ್ಟರಮ್ಮ ಒಂದು ಗಂಟೆ ಹೇಳಿದರು. ಅದು ಕೋಳಿಯಿಂದ ಕೋಳಿಗೆ ಹತ್ತುವ ಮಾತು, ತಿನ್ನುವ ಮಾತಲ್ಲ, ನಿಮ್ಮದು ಬೇರೆ ಎಂದರು. ಕನ್ನಡದಲ್ಲಿ ಹೇಳಿದರು, ತೆಲುಗಿನಲ್ಲಿ ಹೇಳಿದರು. ಆಕೆ ಎರಡೂ ಭಾಷೆಯಲ್ಲಿ ತಲೆಯಾಡಿಸಿ ಕಾಫಿ ಕೊಟ್ಟರು. ಹದಿನೈದು ದಿನ ಬಿಟ್ಟು ಮತ್ತೆ ಹೋದೆವು. ರಕ್ತ ಇನ್ನೂ ಹೋಗುತ್ತಲೇ ಇತ್ತು. ಮತ್ತೆ ಕಾಫಿ ಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ. ಆಯಾಳನ್ನು ಮುಂದಿನ ಸೀಟಿನಲ್ಲಿ, ಡ್ರೈವರ್ ಪಕ್ಕ ಕೂರಿಸಿ, "ಇವಳು ಏನಾದರೂ ಮಾತಾಡಿದರೆ ಹಾರನ್ ಹೊಡಿಯಪ್ಪ" ಎಂದರು. ಹಿಂದೂಪುರದವರೆಗೂ ಆ ಬಸ್ಸು ಹಾರನ್ ಹೊಡೆಯುತ್ತಲೇ ಬಂತು.

೫. ಹಿತ್ತಲ ಬಾಗಿಲು

ಅದಾಗಿ ಒಂದು ವಾರಕ್ಕೆ, ಆಸ್ಪತ್ರೆಯ ಹಿತ್ತಲಲ್ಲಿ ನಾನು ಬ್ಯಾಂಡೇಜು ಬಟ್ಟೆ ಒಣಹಾಕುತ್ತಿದ್ದಾಗ ಸಾವ್ಕಾರಮ್ಮ ಸೆರಗನ್ನು ಮುಖದವರೆಗೂ ಎಳೆದುಕೊಂಡು ಒಳಗೆ ಬಂದರು. ಹಿಂದೂಪುರದ ನೆಂಟರ ಮನೆಗೆಂದು ಹೇಳಿ ಬಂದಿದ್ದರಂತೆ. ಡಾಕ್ಟರಮ್ಮನ ಕೋಣೆಯ ಬಾಗಿಲನ್ನು ತಾವೇ ಹಾಕಿದರು.

"ನಾನು ಸುಳ್ಳು ಹೇಳ್ದೆ ಕಣಮ್ಮ. ಚೊಚ್ಚಲ ಬಸುರಿ, ತೌರ್ಮನೆ ಸೆಟ್ಟೂರಲ್ಲಿದ್ದೆ. ಪಕ್ಕದಾಗೆ ಕುರಿ ಕಾಯೋರ ಮನೆ, ಅಲ್ಲಿ ನನ್ ಗೆಳತಿ. ಕೋಳಿ ಸಾರಿನ ವಾಸನೆ ಬತ್ತಾ ಇತ್ತು. ತಡೀಲಾರ್ದೆ ಒಂದು ಬಟ್ಟಲು ಕುಡ್ದುಬುಟ್ಟೆ."

"ಒಂದೇನಾ?" ಎಂದೆ ನಾನು. ಯಾಕೆ ಕೇಳಿದೆನೋ, ಅಭ್ಯಾಸ. ರೋಗಿ ಹೇಳಿದ್ದರ ಮೇಲೆ ಒಂದು ಪ್ರಶ್ನೆ ಕೇಳಬೇಕು ಎಂದು ನಮಗೆ ಕಲಿಸಿದ್ದರು.

ಆಕೆ ಗೋಡೆ ಕಡೆ ತಿರುಗಿದರು. "ಎರಡು. ತುಂಡೂ ಇತ್ತು."

"ಅದರಿಂದ ಬಂದಿದ್ದಲ್ಲಮ್ಮ ಇದು" ಎಂದರು ಡಾಕ್ಟರಮ್ಮ. "ಖಂಡಿತ ಅಲ್ಲ."

"ನೀವು ಒಳ್ಳೇರು, ಅಂಗಂತೀರಿ. ಬಂದೈತೆ ಅಂತ ನಂಗೆ ಗೊತ್ತಾಗೋಯ್ತು. ಮದ್ರಾಸಿಗೆ ಯಾವತ್ತು ಹೋಗ್ಬೇಕು ಹೇಳಿ. ನಮ್ ಯಜಮಾನ್ರಿಗೆ ಮಾತ್ರ ಇದು ತಿಳೀಬಾರ್ದು. ಮಾತೇ ಬಿಟ್ಬುಡ್ತಾರೆ."

ಡಾಕ್ಟರಮ್ಮ ಎದ್ದರು. ನನ್ನನ್ನು ಹೊರಗೆ ಕರೆದು, "ಸತ್ಯ ಒಂದು ಸಲ ಹೇಳಿಯಾಯಿತು. ಇನ್ನೊಂದು ಸಲ ಹೇಳೋದು ಅವರು ವಾಪಸು ಬಂದ ಮೇಲೆ. ಮೊದಲು ಹೋಗಿ ರೈಲಿನ ವಿಷಯ ವಿಚಾರಿಸಿಕೊಂಡು ಬಾ" ಎಂದರು.

ಹೊರಡುವಾಗ ಸಾವ್ಕಾರಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ಆ ಗೆಳತೀನೂ ಕರ್ಕಂಡು ಬರ್ಲೇನಮ್ಮ? ಅವಳು ವಾರಾ ವಾರಾ ತಿಂತಾಳೆ. ಆದ್ರೆ ಗುಂಡುಕಲ್ಲಿನಂಗವ್ಳೆ."

೬. ಸ್ಟೇಷನ್ನು

ಡಾಕ್ಟರಮ್ಮನ ಬಲವಂತಕ್ಕೆ ಹೋಗುತ್ತಿದ್ದೇನೆ ಎಂದು ಸಾವ್ಕಾರಮ್ಮ ಗಂಡನಿಗೆ ಹೇಳಿದ್ದರಂತೆ. ಜೊತೆಗೆ ಹೋಗಲು ಆಕೆಯ ತಮ್ಮ ಬಂದಿದ್ದ. ಕಡಲೆಕಾಯಿ ಅಂಗಡಿಗೆ ಬರುವ ಕಾಲವಾದ್ದರಿಂದ ಸಾವ್ಕಾರ್ರು ಬೀಳ್ಕೊಡಲು ಮಾತ್ರ ಹಿಂದೂಪುರ ಸ್ಟೇಷನ್ನಿಗೆ ಬಂದಿದ್ದರು. ಬೆಂಗಳೂರಿನ ರೈಲು ಬಂದು ನಿಂತಿತು, ಮದ್ರಾಸಿನ ಗಾಡಿ ಅಲ್ಲಿಂದ. ಆಕೆಯನ್ನು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಡಾಕ್ಟರಮ್ಮನ ಕಾಗದವನ್ನು ಸೆರಗಿಗೆ ಪಿನ್ನು ಹಾಕಿ ಕೆಳಗಿಳಿದೆ. ಸಾವ್ಕಾರ್ರು ನನ್ನನ್ನು ಒಂದು ಮಾರು ಪಕ್ಕಕ್ಕೆ ಕರೆದರು.

"ಸಿಸ್ಟರಮ್ಮ, ಒಂದು ಮಾತು. ಬಳ್ಳಾರಿಗೆ ಕಾಯಿ ಮಾರಕ್ಕೆ ಹೋದಾಗ, ಅಲ್ಲಿ ಮಿಲ್ಟ್ರಿ ಹೋಟ್ಲು ಒಂದೈತೆ. ಅಲ್ಲಿ ಕೋಳಿ ತಿಂದಿವ್ನಿ. ನಂಗೂ ಬತ್ತದಾ?"

"ಎಷ್ಟು ಸಲ?"

"ಹೋದಾಗೆಲ್ಲ."

"ಎಷ್ಟು ವರ್ಷದಿಂದ?"

"ಮದುವೆಗೂ ಮುಂಚಿಂದ ಕಣಮ್ಮ. ಅವಳಿಗೆ ಮಾತ್ರ ತಿಳೀಬಾರ್ದು. ಪಾಪ, ನಿಷ್ಠೆಯೋಳು. ಎದೆ ಒಡ್ಕಂಬುಡ್ತಾಳೆ."

ಒಂದು ಮಾರು ದೂರ ಸಾಲಲಿಲ್ಲ. ಕಿಟಕಿಯಿಂದ ಸಾವ್ಕಾರಮ್ಮನ ಧ್ವನಿ ಬಂತು, ಬಹಳ ಶಾಂತವಾಗಿ.

"ಸಿಸ್ಟರಮ್ಮ, ಇವರಿಗೂ ಒಂದು ಟಿಕೀಟು ತಗಂಬಾ. ಎರಡು ಬಟ್ಟಲಿಗೆ ನಾನು ಮದ್ರಾಸಿಗೆ ಹೋಯ್ತಾ ಇವ್ನಿ. ಇವರು ಇನ್ನೆಷ್ಟು ದೂರ ಹೋಗ್ಬೇಕು ಅಂತ ಆ ಬುಕಿಂಗಿನೋನ್ನ ಕೇಳು."

ಅವರು ಉಟ್ಟ ಬಟ್ಟೆಯಲ್ಲೇ ಹತ್ತಿದರು. ರೈಲು ಹೊರಟಾಗ ಆಕೆ ಅವರಿಗೆ ಕಿಟಕಿಯ ಪಕ್ಕ ಜಾಗ ಬಿಟ್ಟಿರಲಿಲ್ಲ.

೭. ಚೀಟಿ

ನರ್ಸ್ ಆಗಿರುವ ನನ್ನ ಮೊಮ್ಮಗಳು ಇತ್ತೀಚೆಗೆ ಒಂದು ವಿಷಯ ಹೇಳಿದಳು. ಸಾವ್ಕಾರಮ್ಮನಿಗೆ ಬಂದಿದ್ದ ಕ್ಯಾನ್ಸರು ನಿಜವಾಗಿಯೂ ವೈರಸ್ಸಿನಿಂದಲೇ ಬರುವುದಂತೆ. ಕೋಳಿಯದಲ್ಲ, ನರಹುಲಿಯ ವೈರಸ್ಸಿನ ದಾಯಾದಿಯಂತೆ. ಮನೆಯೊಳಗೆ ಸೇರಿ, ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಮನೆಯವರಿಗೆ ಹುಚ್ಚು ಹಿಡಿಸುವ ಜಾತಿ. ಹೆಚ್ಚಾಗಿ ಗಂಡನಿಂದಲೇ ಹೆಂಡತಿಗೆ ಬರುತ್ತದಂತೆ. ಕೇಳಿಸಿಕೊಳ್ಳಲು ಡಾಕ್ಟರಮ್ಮ ಈಗ ಇಲ್ಲ. ಸಾವ್ಕಾರ್ರಿಗೂ ಟಿಕೀಟು ತೆಗೆಸಿದ್ದು ಅಷ್ಟೇನೂ ತಪ್ಪಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಂದು ಮದ್ರಾಸಿಗೆ ಹೋದವರು ಎರಡು ತಿಂಗಳು ಕಳೆದ ಮೇಲೆ ಇಬ್ಬರೂ ರೈಲಿಳಿದು ನೇರವಾಗಿ ನಮ್ಮಲ್ಲಿಗೆ ಬಂದರು. ಈ ಸಲ ಮುಂದಿನ ಬಾಗಿಲಿಂದ. ಆಕೆ ಅರ್ಧವಾಗಿದ್ದರು. ಡಾಕ್ಟರಮ್ಮ ಪರೀಕ್ಷೆ ಮಾಡಿ ಹೊರಬಂದು, ಈ ಸಲ ಬೇಗ ಕೈ ತೊಳೆದರು. ಹುಣ್ಣು ಒಣಗಿತ್ತು. ಮದ್ರಾಸಿನವರೂ ಹಾಗೆಂದೇ ಬರೆದಿದ್ದರು.

ಆಮೇಲೆ ಇಬ್ಬರನ್ನೂ ಕೂರಿಸಿ, ಬಾಕಿ ಇದ್ದ ಸತ್ಯವನ್ನು ಎರಡನೆಯ ಸಲ ಹೇಳಿದರು. ಕೋಳಿ ತಿಂದದ್ದರಿಂದ ಯಾರಿಗೂ ಏನೂ ಆಗಿಲ್ಲ.

ಸಾವ್ಕಾರಮ್ಮ ಗಂಡನನ್ನು ನೋಡಿದರು. ಸಾವ್ಕಾರ್ರು ಸೂರು ನೋಡಿದರು.

"ಅಂಗಾರೆ ನಾನು ಸುಮ್ಸುಮ್ನೆ ಒಪ್ಕಂಡ್ನಾ?" ಎಂದರು ಆಕೆ.

"ಒಪ್ಪಿಕೊಂಡಿದ್ದಕ್ಕೇ ಬದುಕಿದಿರಿ" ಎಂದರು ಡಾಕ್ಟರಮ್ಮ. "ರಕ್ತ ಬಹಳ ಹೋಗಿದೆ, ಇನ್ನು ಚೆನ್ನಾಗಿ ತಿನ್ನಬೇಕು. ಹಾಲು, ಸೊಪ್ಪು, ಬೆಲ್ಲ ಬರೆದಿದೀನಿ. ನಿಮ್ಮ ಆಚಾರಕ್ಕೆ ಆಗಲ್ಲ, ಗೊತ್ತು. ಆದರೂ ಹೇಳೋದು ನನ್ನ ಕೆಲಸ. ದಿನಕ್ಕೊಂದು ಮೊಟ್ಟೆ ತಗೊಂಡರೆ ಬೇಗ ಶಕ್ತಿ ಬರುತ್ತೆ."

ಸಾವ್ಕಾರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಔಷಧಿ ಅಂತ ನೀವೇ ಬರಕೊಟ್ರೆ, ಇಲ್ಲ ಅನ್ನಕ್ಕಾಯ್ತದಾ" ಎಂದರು.

ಡಾಕ್ಟರಮ್ಮ ಚೀಟಿಯಲ್ಲಿ ಮೊಟ್ಟೆಯನ್ನೂ ಬರೆದರು. ಅದರ ಮೇಲೆ ಸಾವ್ಕಾರ್ರು ನಿಧಾನವಾಗಿ ಬಗ್ಗಿ, ಶಾಯಿ ಆರುವ ಮೊದಲೇ, ಬೆರಳಿಟ್ಟು ತೋರಿಸಿದರು.

"ಇಲ್ಲಿ ಪಕ್ಕದಾಗೆ ನನ್ ಹೆಸರೂ ಬರೀರಮ್ಮ. ಅವಳು ಒಬ್ಳೇ ಔಷಧಿ ತಿಂತಾ ಕೂತ್ರೆ ನೋಡಕ್ಕಾಗಲ್ಲ."