ಕಾಕಾನ ಲಿಥುವೇನಿಯಾ ಮತ್ತು ಒಂದು ಪ್ಯಾಂಟು

ಲಿಥುವೇನಿಯಾ ಸ್ವತಂತ್ರವಾದದ್ದು ದಾಂಡೇಲಿಯ ಅಂಬೇವಾಡಿಯಿಂದ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಆದರೆ ನಮ್ಮ ಕಾಕಾ ನಂಬಿದ್ದ!

ಕಾಕಾ ಕಾರ್ಖಾನೆಯಲ್ಲಿ ಫಿಟ್ಟರ್, ಉಳಿದ ಹೊತ್ತು ಕಮ್ಯುನಿಸ್ಟ್. ಅಂಬೇವಾಡಿ ಶಾಖೆಗೆ ಅವನೇ ಅಧ್ಯಕ್ಷ, ಅವನ ಬಾಲ್ಯದ ಗೆಳೆಯ ಟೇಲರ್ ಮಾಮಾ ಕಾರ್ಯದರ್ಶಿ. ಸದಸ್ಯರು? ಅವರಿಬ್ಬರೇ. ಪ್ರತಿ ರವಿವಾರ ಟೇಲರ್ ಅಂಗಡಿಯಲ್ಲಿ ಸಭೆ. ಒಬ್ಬ ಎಲೆಯಡಿಕೆ ಉಗುಳಲು ಹೊರಗೆ ಹೋದರೂ ಕೋರಂ ಹೋಗುತ್ತಿತ್ತು.

ಆಗ ರಷ್ಯದಿಂದ ಬಣ್ಣದ ಪತ್ರಿಕೆಯೊಂದು ಬರುತ್ತಿತ್ತು. ನಮ್ಮ ಪುಸ್ತಕಗಳ ಹೊದಿಕೆಯೆಲ್ಲ ಅದರದೇ. ಅದರಲ್ಲೊಮ್ಮೆ, ಆಗಿನ್ನೂ ಸೋವಿಯತ್ ಒಕ್ಕೂಟದೊಳಗಿದ್ದ ಪುಟ್ಟ ಲಿಥುವೇನಿಯಾದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥನ ಫೋಟೋ ಬಂತು.

"ನೋಡಿಲ್ಲೆ, ಇಂಜಿನಿಯರ್ ಅಂತ. ಹೊಟ್ಟಿನೂ ನನ್ನಷ್ಟ ಐತಿ," ಎಂದ ಕಾಕಾ.

ಅಂದಿನಿಂದ ಆತ 'ನಮ್ಮ ಮನಷ್ಯಾ'. ರೇಡಿಯೋ ಹಚ್ಚಿ ಅವನ ಸುದ್ದಿಗೆ ಕಿವಿಗೊಟ್ಟು ಕೂರುವುದೇ ಕಾಕಾನ ಸಂಜೆಯ ಕೆಲಸವಾಯಿತು. ಕಾಡಿನ ಹಳ್ಳಿ ಕುಂಬಾರವಾಡಕ್ಕೂ ಹೋಗಿ ಬಸ್ಸಿಗೆ ಕಾದು ನಿಂತವರೆದುರು ಲಿಥುವೇನಿಯಾದ ಕಷ್ಟ ಬಣ್ಣಿಸಿದ. ಬಸ್ಸು ಬಾರದ್ದರಿಂದ ಯಾರೂ ಜಾಗ ಬಿಟ್ಟು ಹೋಗಲಿಲ್ಲ. ಕೊನೆಗೊಬ್ಬ ಅಜ್ಜ ಕೇಳಿದ: "ಅವರೂರಿಗೆ ಬಸ್ ಹೊತ್ತಿಗೆ ಸರಿ ಬರ್ತೈತೇನ್ರಿ?"

ಅಷ್ಟರಲ್ಲಿ ನಮ್ಮ ಮನಷ್ಯಾ ತನ್ನ ಪಕ್ಷವನ್ನು ಮಾಸ್ಕೋದಿಂದ ಬೇರೆ ಮಾಡಿಬಿಟ್ಟ. ಮುಂದಿನ ರವಿವಾರವೇ ಕಾಕಾ ಅಂಬೇವಾಡಿಯೂ ಬೇರೆಯಾಗಬೇಕೆಂದು ಠರಾವು ಮಂಡಿಸಿದ. ಟೇಲರ್ ಮಾಮಾ ಮಾಸ್ಕೋ ಬಿಡಲೊಲ್ಲ. ಪರವಾಗಿ ಒಂದು ಮತ, ವಿರುದ್ಧ ಒಂದು! ಪಕ್ಷ ಒಡೆಯಿತು. 'ಲೇ' ಎನ್ನುತ್ತಿದ್ದವರು 'ತಾವು' ಎನ್ನತೊಡಗಿದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಜಗಳ ಇಲ್ಲ.

ಮಾಸ್ಕೋ ಲಿಥುವೇನಿಯಾಕ್ಕೆ ಎಣ್ಣೆ ನಿಲ್ಲಿಸಿತು. ಇತ್ತ ಮಾಮಾ, ನನ್ನಕ್ಕನ ಮದುವೆಗೆಂದು ಕಾಕಾ ಹೊಲಿಯಲು ಕೊಟ್ಟಿದ್ದ ಪ್ಯಾಂಟು ನಿಲ್ಲಿಸಿದ. ಹೊಲಿದು ಮುಗಿದದ್ದನ್ನು ದಾರಿಗೆ ಕಾಣುವಂತೆ ಮೊಳೆಗೆ ತೂಗುಹಾಕಿದ್ದ. ಕೇಳಲು ಹೋದ ನನಗೆ, "ನಿಮ್ಮ ಕಾಕಾರಿಗೆ ಹೇಳವಾ, ಮೊದಲ ಆ ಠರಾವು ಹಿಂದಕ್ಕ ತಗೋಬೇಕಂತ" ಎಂದ. ಕಾಕಾ ಜಗ್ಗಲಿಲ್ಲ. ಅಕ್ಕನ ಮದುವೆಗೆ ಧೋತರ ಉಟ್ಟು, ಅದು ಜಾರದಂತೆ ಒಂದು ಕೈಯಲ್ಲಿ ಹಿಡಿದೇ ಅಕ್ಕಿಕಾಳು ಹಾಕಿದ.

ಹೊಸ ಪಕ್ಷಕ್ಕೂ ಕೋರಂ ಬೇಕಲ್ಲ? ಹೆಂಡತಿ ಕಾಕೂಳನ್ನೇ ಸದಸ್ಯೆ ಮಾಡಿಕೊಂಡ. ಆಕೆಯ ಮೊದಲ ಠರಾವು: "ಸಭಾ ಸಾಕು, ಜ್ವಾಳಾ ಬೀಸಿಸ್ಕೊಂಡು ಬರ್ರಿ." ಸರ್ವಾನುಮತದಿಂದ ಪಾಸಾಯಿತು. ಅಲ್ಲಿ ಮಾಮಾ ರವಿವಾರ ಒಬ್ಬನೇ ಕುಳಿತು, ಕಾದು, ಸಭೆ ಮುಂದೂಡಿ ಮತ್ತೆ ಮಷಿನ್ ತುಳಿಯುತ್ತಿದ್ದ.

ಒಂದು ಚಳಿಗಾಲದ ಸಂಜೆ ರೇಡಿಯೋ, ಸೋವಿಯತ್ ಒಕ್ಕೂಟವೇ ಇನ್ನಿಲ್ಲ ಎಂದಿತು. ಕಾಕಾ ಗೆದ್ದಿದ್ದ! ಪೇಢೆ ಹಂಚುತ್ತಾನೆಂದುಕೊಂಡೆವು. ಅವನು ರೇಡಿಯೋ ಆರಿಸಿ ಚಪ್ಪಲಿ ಮೆಟ್ಟಿದ. "ಅವಾ ಒಬ್ಬನಾ ಇರ್ತಾನ" ಎಂದ. ನಾನೂ ಹಿಂದೆ ಹೋದೆ.

ಮಾಮಾ ಮಷಿನ್ ಮುಂದೆ ಸುಮ್ಮನೆ ಕುಳಿತಿದ್ದ. ಅವನಿಗೂ ಸುದ್ದಿ ಮುಟ್ಟಿತ್ತು.

"ಲೇ, ಸಭಾ ಸುರು ಮಾಡ," ಎಂದ ಕಾಕಾ.

"ಯಾವ ಪಕ್ಷದ್ದೋ?"

"ನಿಂದ. ಒಬ್ಬಾವ ಕುಂತರ ಕೋರಂ ಆಗೂದಿಲ್ಲ."

ಮಾಮಾ ಎದ್ದ. ಮೊಳೆಯಿಂದ ಪ್ಯಾಂಟು ಇಳಿಸಿದ, ಕೊರಳಲ್ಲಿದ್ದ ಟೇಪು ತೆಗೆದ, ಕಾಕಾನ ನಡುವಿಗೆ ಸುತ್ತಿದ. ಬಗ್ಗಿ ಸುತ್ತಿದವನು ಹಾಗೆಯೇ ಆ ಹೊಟ್ಟೆಗೆ ಹಣೆ ಆನಿಸಿ ನಿಂತುಬಿಟ್ಟ. ನನಗೆ ಅಳು ಬಂತು.

"ದಪ್ಪ ಆಗೀಯಲ್ಲೋ. ಎಲ್ಲಾ ಬಿಚ್ಚಿ ಹೊಲೀಬೇಕು."

"ಬಿಚ್ಚ," ಎಂದ ಕಾಕಾ, ಅವನ ಬೆನ್ನ ಮೇಲೆ ಕೈಯಿಟ್ಟು. "ಅವಸರ ಇಲ್ಲ."